ಮನೆಯ ಟ್ರೆಡ್‌ಮಿಲ್ ಮೇಲೆ ಕಾಮಿನೋ: ದೂರದ ಜೊತೆಗೆ ಏರಿನ ಲೆಕ್ಕವೂ

ಫ್ರಾನ್ಸಿನ ಸಾಂ-ಜಾನ್-ಪಿಯೆ-ದ-ಪೋರ್‌ನಿಂದ ಸ್ಪೇನಿನ ಸಾಂತಿಯಾಗೊವರೆಗಿನ ಕಾಮಿನೋ ಫ್ರಾನ್ಸೆಸ್ ಯಾತ್ರಾಮಾರ್ಗ ಸುಮಾರು 780 ಕಿ.ಮೀ. ಅಷ್ಟೇ ದೂರವನ್ನು ಮನೆಯ ಟ್ರೆಡ್‌ಮಿಲ್ ಮೇಲೆ ದಿನಕ್ಕೆ 5 ಕಿ.ಮೀ.ಯಂತೆ ವಾರಕ್ಕೆ ಆರು ದಿನ ನಡೆದರೆ 26 ವಾರ ಬೇಕು. ಬರೀ ಕಿಲೋಮೀಟರ್ ಕೂಡಿಸುತ್ತ ಹೋದರೆ ಯಾವ ದಾರಿಯ ಹೆಸರಿಟ್ಟುಕೊಂಡರೂ ಒಂದೇ. ಆ ದಾರಿಯ ಏರು ಕಾಲಿಗೆ ತಗುಲಬೇಕು.

ಶುರು ಮಾಡುವ ಮೊದಲು ನಾನು ಯಂತ್ರವನ್ನೇ ಅಳೆದೆ. ಬೆಲ್ಟಿನ ಅಂಚಿಗೆ ವೈಟ್ನರ್ ಚುಕ್ಕೆಯಿಟ್ಟು ಒಂದು ಸುತ್ತಿನ ಉದ್ದ ನೋಡಿದರೆ 2.8 ಮೀಟರ್. ಹಾಗಾದರೆ 50 ಸುತ್ತಿಗೆ 140 ಮೀಟರ್; ಗಂಟೆಗೆ 5 ಕಿ.ಮೀ. ವೇಗದಲ್ಲಿ 101 ಸೆಕೆಂಡಿಗೆ ಮುಗಿಯಬೇಕು. ಹಿಡಿದದ್ದು 106. ಅಂದರೆ ನಿಜವಾದ ವೇಗ 4.75, ಪರದೆ 780 ತೋರಿಸುವ ಹೊತ್ತಿಗೆ 39 ಕಿ.ಮೀ. ಬಾಕಿ ಉಳಿದಿರುತ್ತದೆ. ಮೇಲೆ ಒಬ್ಬರು ನಡೆಯುತ್ತಿರುವಾಗಲೇ ಇನ್ನೊಬ್ಬರು ಎಣಿಸಬೇಕು. ಖಾಲಿ ಬೆಲ್ಟ್ ಭಾರ ಬಿದ್ದ ಬೆಲ್ಟಿಗಿಂತ ಜೋರಾಗಿ ಓಡಬಹುದು.

ಏರು ಹೊಂದಿಸುವ ಇನ್‌ಕ್ಲೈನ್ ಗುಂಡಿಯ ಮೇಲಿನ ಅಂಕಿ ಶೇಕಡಾವೇ ಆಗಿರಬೇಕೆಂದಿಲ್ಲ, ಎಷ್ಟೋ ಯಂತ್ರಗಳಲ್ಲಿ ಅದು ಬರೀ ಹಂತ. ಪಕ್ಕದ ಪಟ್ಟಿಯ ಮೇಲೆ ಒಂದು ಮೀಟರ್ ಅಂತರದಲ್ಲಿ ಎರಡು ಗುರುತು ಹಾಕಿ, ನೆಲದಿಂದ ಎರಡರ ಎತ್ತರ ಅಳೆಯಿರಿ. ವ್ಯತ್ಯಾಸ 5 ಸೆಂ.ಮೀ. ಇದ್ದರೆ ಏರು ಶೇ. 5.

ದಾರಿಯ ಏರು ತೆಗೆಯುವುದು ಸುಲಭ: ಒಂದು ಕಿ.ಮೀ.ಗೆ 10 ಮೀಟರ್ ಹತ್ತಿದರೆ ಶೇ. 1. ಮೊದಲ ಘಟ್ಟವನ್ನೇ ನೋಡಿ. ಸಾಂ-ಜಾನ್ ಇರುವುದು ಸುಮಾರು 170 ಮೀಟರ್ ಎತ್ತರದಲ್ಲಿ, 8 ಕಿ.ಮೀ. ದೂರದ ಒರಿಸ್ಸೋಂ ಸುಮಾರು 790ರಲ್ಲಿ. ಹೆಚ್ಚುಕಡಿಮೆ ಶೇ. 8. ಅಲ್ಲಿಂದ ಬೆಟ್ಟ ದಾಟುವ ಲೆಪೊಯ್ದೆರ್ ಕಣಿವೆದಾರಿಯ 1,430 ಮೀಟರಿಗೆ ಇನ್ನೂ ಸುಮಾರು 13 ಕಿ.ಮೀ., ಸರಾಸರಿ ಶೇ. 5. ನಿಜದಲ್ಲಿ ಒಂದು ದಿನದ ಈ ನಡಿಗೆಯನ್ನು ನಾನು ಐದು ದಿನಕ್ಕೆ ಹಂಚಿ, ಶೇ. 8ರಲ್ಲಿ ವೇಗವನ್ನು 3.5ಕ್ಕೆ ಇಳಿಸಿದೆ. ಜಿಪಿಎಕ್ಸ್ ಫೈಲಿನಿಂದ (ದಾರಿಯ ಒಂದೊಂದು ಬಿಂದುವಿನ ಸ್ಥಾನ, ಎತ್ತರ ದಾಖಲಾದ ಜಿಪಿಎಸ್ ಕಡತ) ಎತ್ತರ ತೆಗೆಯುವವರು ಒಂದೊಂದು ಕಿ.ಮೀ.ಗೆ ಸರಾಸರಿ ಹಿಡಿಯಿರಿ. ಬಿಂದುವಿನಿಂದ ಬಿಂದುವಿಗೆ ಲೆಕ್ಕ ಹಾಕಿದರೆ ಇಲ್ಲದ ಏರಿಳಿತವೆಲ್ಲ ಸೇರಿಕೊಳ್ಳುತ್ತದೆ.

ಏರಿನಲ್ಲಿ ಕಂಬಿ ಹಿಡಿಯಬೇಡಿ. ಹಿಡಿದ ಕೂಡಲೇ ಮೈ ಹಿಂದಕ್ಕೆ ವಾಲುತ್ತದೆ, ಭಾರ ತೋಳಿಗೆ ಹೋಗುತ್ತದೆ, ಮೀನಖಂಡಕ್ಕೆ ಕೆಲಸವೇ ಇರುವುದಿಲ್ಲ. ಹಿಡಿಯದೆ ಆಗದಿದ್ದರೆ ಏರನ್ನೇ ಇಳಿಸಿ. ಎಳೆದ ಕೂಡಲೇ ಯಂತ್ರ ನಿಲ್ಲಿಸುವ ತುರ್ತು ಕೀಲಿಯ ದಾರ ಮಾತ್ರ ಯಾವಾಗಲೂ ಅಂಗಿಗೆ ಸಿಕ್ಕಿಸಿರಲಿ.

ಇಳಿಜಾರಿಗೆ ಮನೆಯ ಯಂತ್ರಗಳಲ್ಲಿ ಸಾಮಾನ್ಯವಾಗಿ ಉಪಾಯವಿಲ್ಲ. ಲೆಪೊಯ್ದೆರ್‌ನಿಂದ ರೊನ್ಸೆಸ್ವಾಯೆಸ್‌ಗೆ ನಾಲ್ಕೇ ಕಿ.ಮೀ.ಯಲ್ಲಿ ಸುಮಾರು 480 ಮೀಟರ್ ಇಳಿತ. ಅದನ್ನು ಸೊನ್ನೆ ಏರಿನಲ್ಲಿ ನಡೆದು, ಜೊತೆಗೆ ಮನೆಯ ಮೆಟ್ಟಿಲನ್ನು ನಿಧಾನವಾಗಿ ಹತ್ತು ಸಲ ಇಳಿದೆ. ಮುಂದೆ ನಿಜವಾದ ಕಾಮಿನೋಗೆ ಹೋಗುವವರು ಇದನ್ನು ಬಿಡಲೇಬಾರದು. ತೊಡೆಯ ಮುಂಭಾಗ ಸೋಲುವುದು ಇಳಿಯುವಾಗಲೇ.

ಮುಂದೆ ದಾರಿಯಲ್ಲಿ ಬುರ್ಗೋಸ್ ನಗರ ದಾಟಿ ಲಿಯೋನ್ ನಗರದವರೆಗೆ ಸುಮಾರು 180 ಕಿ.ಮೀ. ಮೆಸೆತಾ ಬಯಲು. ಅಲ್ಲಿ ಒಂದೇ ಹೆಜ್ಜೆ ಒಂದೇ ಕಡೆ ಬಿದ್ದು ಅಂಗಾಲು ನೋಯುತ್ತದೆ. ಹತ್ತು ನಿಮಿಷಕ್ಕೊಮ್ಮೆ ಏರನ್ನು 0, 1, 2 ಎಂದು ಬದಲಿಸಿಕೊಂಡೆ. ಮೋಟರಿಗೂ ಸಮತಟ್ಟೇ ಕಷ್ಟ: ಏರಿನಲ್ಲಿ ನಮ್ಮ ಭಾರವೇ ಬೆಲ್ಟನ್ನು ಹಿಂದಕ್ಕೆ ತಳ್ಳುತ್ತದೆ, ಸಮತಟ್ಟಿನಲ್ಲಿ ಉಜ್ಜಾಟವನ್ನೆಲ್ಲ ಮೋಟರೇ ಎಳೆಯಬೇಕು. ಹಾಗಾಗಿ ಬುರ್ಗೋಸ್ ತಲುಪಿದ ದಿನವೇ ಪ್ಲಗ್ ಕಿತ್ತು, ಬೆಲ್ಟ್ ಎತ್ತಿ, ಅಡಿಯ ಹಲಗೆಗೆ ಎರಡೂ ಬದಿಯಿಂದ 10 ಮಿ.ಲೀ.ನಂತೆ ಸಿಲಿಕೋನ್ ಎಣ್ಣೆ ಬಿಟ್ಟೆ.