ಹೂಮಳೆ ಪಂಪಿಗೆ ಹೊಂಗೆ ಬಯೋಡೀಸೆಲ್: ನಾನು ಕಂಡ ಹೊಗೆ, ಕಾಣದ ಹೊಗೆ

ನಮ್ಮದು ಕೊಡಗಿನ ಪೊನ್ನಂಪೇಟೆ ಕಡೆ ರೋಬಸ್ಟಾ ಕಾಫಿ ತೋಟ. ಫೆಬ್ರವರಿ, ಮಾರ್ಚ್‌ನಲ್ಲಿ ಕಾಫಿ ಹೂ ಅರಳಿಸುವ ಹೂಮಳೆ ಕೈಕೊಟ್ಟರೆ ಕೆರೆಯಿಂದ ನೀರೆತ್ತಿ ಸ್ಪ್ರಿಂಕ್ಲರ್ ಹಾಕಲೇಬೇಕು. ಡೀಸೆಲ್ ಪಂಪು ಹಗಲು ರಾತ್ರಿ ಓಡುತ್ತದೆ. ಕೆರೆ ಇರುವುದು ತಗ್ಗಿನಲ್ಲಿ, ಸುತ್ತ ಮರಗಳು. ಹೊಗೆ ಮೇಲೇಳದೆ ಅಲ್ಲೇ ಕೂರುತ್ತದೆ. ಪಂಪು ನೋಡಿಕೊಳ್ಳುವ ಹುಡುಗ ಬೆಳಗ್ಗೆ ಮೂಗು ಒರೆಸಿದರೆ ಟವೆಲ್ ಕಪ್ಪು. ಅದನ್ನು ನೋಡಿದ ಮೇಲೆ ನನಗೆ ಸುಮ್ನೆ ಇರಲಾಗಲಿಲ್ಲ.

ಮೊದಲು ಮಾಡಿದ್ದು ತಪ್ಪು. ಹೊಂಗೆ ಎಣ್ಣೆಯನ್ನು ಹಾಗೇ ಡೀಸೆಲ್‌ಗೆ ಬೆರೆಸಿ ಹಾಕಿದೆ. ಕೆಲವು ದಿನ ಚೆನ್ನಾಗಿಯೇ ಓಡಿತು. ಆಮೇಲೆ ಹೊಗೆ ಮೊದಲಿಗಿಂತ ಜಾಸ್ತಿಯಾಯಿತು. ಮೆಕ್ಯಾನಿಕ್ ಎಂಜಿನ್ ಒಳಗೆ ಇಂಧನ ಚಿಮ್ಮಿಸುವ ನಾಝಲ್ ಬಿಚ್ಚಿ ಅಂಗೈ ಮೇಲಿಟ್ಟು ತೋರಿಸಿದರು. ತುದಿಯಲ್ಲಿ ತಳ ಹಿಡಿದ ಪಾತ್ರೆಯಂತೆ ಕರಿ ಗಟ್ಟಿಯಾಗಿ ಕೂತಿತ್ತು. "ಸಾರ್, ಈ ಎಣ್ಣೆ ದೀಪಕ್ಕೆ ಸರಿ, ಎಂಜಿನ್‌ಗೆ ಆಗಲ್ಲ" ಅಂದರು. ಹಸಿ ಎಣ್ಣೆ ಡೀಸೆಲ್‌ಗಿಂತ ಸುಮಾರು ಹತ್ತು ಪಟ್ಟು ಮಂದ. ನಾಝಲ್‌ನಿಂದ ಮಂಜಿನಂತೆ ಬರುವುದಿಲ್ಲ, ದಪ್ಪ ಹನಿಯಾಗಿ ಬೀಳುತ್ತದೆ. ಹನಿ ಪೂರ್ತಿ ಉರಿಯುವುದಿಲ್ಲ.

ಅದೇ ಎಣ್ಣೆಗೆ ಮೆಥನಾಲ್ ಮತ್ತು ಕಾಸ್ಟಿಕ್ ಸೋಡಾ ಸೇರಿಸಿದರೆ ಗ್ಲಿಸರಿನ್ ಕೆಳಗಿಳಿದು, ಮೇಲೆ ತೆಳುವಾದ ಬಯೋಡೀಸೆಲ್ ನಿಲ್ಲುತ್ತದೆ. ಮೆಥನಾಲ್ ವಿಷ, ಬೇಗ ಬೆಂಕಿ ಹಿಡಿಯುವಂಥದ್ದು. ತೋಟದ ಶೆಡ್ಡಿನಲ್ಲಿ ಆ ಕೆಲಸ ಬೇಡ ಅನ್ನಿಸಿ, ತಯಾರಾದದ್ದನ್ನೇ ತಂದೆ. ನೂರರಲ್ಲಿ ಇಪ್ಪತ್ತು ಪಾಲು ಇದು, ಉಳಿದದ್ದು ಡೀಸೆಲ್.

ಶುರುವಿನಲ್ಲಿ ಎರಡು ಫಿಲ್ಟರ್ ಕಟ್ಟಿಕೊಂಡವು. ಟ್ಯಾಂಕಿನ ಹಳೇ ಕೊಳೆಯನ್ನು ಬಯೋಡೀಸೆಲ್ ಕರಗಿಸಿ ತರುತ್ತದೆ. ಹಳೇ ರಬ್ಬರ್ ಪೈಪೂ ಉಬ್ಬಿತ್ತು, ಬದಲಾಯಿಸಿದೆ.

ಆಮೇಲೆ ಬಟ್ಟೆ ಪರೀಕ್ಷೆ. ಎಂಜಿನ್ ಚೆನ್ನಾಗಿ ಬಿಸಿಯಾದ ಮೇಲೆ, ಎರಡು ಸಲವೂ ಅಷ್ಟೇ ಸಂಖ್ಯೆಯ ಸ್ಪ್ರಿಂಕ್ಲರ್ ಓಡುವಾಗ, ಸೈಲೆನ್ಸರ್ ಬಾಯಿಗೆ ಒಂದು ಮೊಳ ದೂರದಲ್ಲಿ ಬಿಳಿ ಪಂಚೆಯ ತುಂಡನ್ನು ಕೋಲಿಗೆ ಕಟ್ಟಿ ಒಂದು ನಿಮಿಷ ಹಿಡಿದೆವು. ಬರೀ ಡೀಸೆಲ್‌ಗೆ ಕಾಡಿಗೆಯಂಥ ಕಪ್ಪು ವೃತ್ತ, ಮುಟ್ಟಿದರೆ ಬೆರಳಿಗೆ ಅಂಟುತ್ತಿತ್ತು. ಬೆರಕೆಗೆ ಬೂದಿ ಬಣ್ಣದ ಕಲೆ. ಬಯೋಡೀಸೆಲ್‌ನ ತೂಕದಲ್ಲಿ ಸುಮಾರು 11% ಆಮ್ಲಜನಕ ಇರುವುದರಿಂದ ಮಸಿ ಕಡಿಮೆ. ಗಂಧಕವೂ ಇಲ್ಲವೆನ್ನುವಷ್ಟು ಕಡಿಮೆ.

ಆದರೆ ಬಟ್ಟೆಗೆ ಕಾಣದ್ದೂ ಇದೆ, ಅಲ್ವಾ? ಅಮೆರಿಕದ ಪರಿಸರ ಸಂಸ್ಥೆ 2002ರಲ್ಲಿ ದೊಡ್ಡ ವಾಹನಗಳ ಎಂಜಿನ್ ಪರೀಕ್ಷೆಗಳನ್ನು ಒಟ್ಟುಗೂಡಿಸಿ ನೋಡಿತು. ಸೋಯಾ ಬಯೋಡೀಸೆಲ್‌ನ 20% ಬೆರಕೆಗೆ ಮಸಿ ಕಣ ಸುಮಾರು 10%, ಕಾರ್ಬನ್ ಮಾನಾಕ್ಸೈಡ್ 11%, ಉರಿಯದ ಹೈಡ್ರೋಕಾರ್ಬನ್ 21% ಇಳಿದಿದ್ದವು. ನೈಟ್ರೋಜನ್ ಆಕ್ಸೈಡ್ ಮಾತ್ರ 2% ಏರಿತ್ತು. ನಮ್ಮಂಥ ಹಳೇ ಪಂಪಿನ ಎಂಜಿನ್‌ನಲ್ಲಿ ಇದಕ್ಕೊಂದು ಕಾರಣವಿದೆ. ಬಯೋಡೀಸೆಲ್ ಒತ್ತಡಕ್ಕೆ ಅಷ್ಟಾಗಿ ಕುಗ್ಗುವುದಿಲ್ಲ, ಹಾಗಾಗಿ ನಾಝಲ್ ಕೊಂಚ ಮೊದಲೇ ತೆರೆಯುತ್ತದೆ, ಒಳಗಿನ ಬಿಸಿ ಏರಿ ನೈಟ್ರೋಜನ್ ಆಕ್ಸೈಡ್ ಹೆಚ್ಚುತ್ತದೆ. ಟೈಮಿಂಗ್, ಅಂದರೆ ಇಂಧನ ಚಿಮ್ಮುವ ಹೊತ್ತನ್ನು, ಹಿಂದಕ್ಕೆ ಸರಿಸಿದರೆ ನೈಟ್ರೋಜನ್ ಆಕ್ಸೈಡ್ ಇಳಿಯುತ್ತದೆ, ಆದರೆ ಮಸಿ ಮತ್ತೆ ಏರುತ್ತದೆ. ನಾನು ಟೈಮಿಂಗ್ ಮುಟ್ಟಲಿಲ್ಲ. ಬದಲಿಗೆ ಸೈಲೆನ್ಸರ್ ಪೈಪನ್ನು ಶೆಡ್ಡಿನ ಸೂರಿಗಿಂತ ಮೇಲಕ್ಕೆ ಎಬ್ಬಿಸಿದೆ, ಗಾಳಿಯ ಕಡೆಯ ತಗಡು ಬಿಚ್ಚಿಸಿದೆ. ಕಾಣುವ ಹೊಗೆ ಹೋಯಿತೆಂದು ಹುಡುಗನನ್ನು ಎಂಜಿನ್ ಪಕ್ಕದಲ್ಲೇ ಮಲಗಿಸುವುದು ಸರಿಯಲ್ಲ. ಅವನ ಮಂಚ ಈಗ ದಡದ ಮೇಲಿದೆ.

ಹೂ ಅರಳಿದ ಮೇಲೆ ಕೊಡುವ ಎರಡನೇ ನೀರಿನ, ಅಂದರೆ ಬ್ಯಾಕಿಂಗ್ ನೀರಿನ ಹೊತ್ತಿಗೆ ಅವನೇ ಬಂದು, "ಅಣ್ಣಾ, ಟವೆಲ್ ನೋಡಿ" ಎಂದು ಬಿಡಿಸಿ ತೋರಿಸಿದ. ಬೆವರಿನ ಕಲೆ ಇತ್ತು, ಮಸಿ ಇರಲಿಲ್ಲ.