ಕನ್ನಡ ನಾಟಕಕ್ಕೆ ತುಳುವಿನಲ್ಲಿ ರಿಹರ್ಸಲ್

ಅಂತರ ಕಾಲೇಜು ಏಕಾಂಕ ಸ್ಪರ್ಧೆಯಲ್ಲಿ ಈ ಸಲವೂ ನಮ್ಮ ಮಕ್ಕಳಿಗೇ ಮೊದಲ ಬಹುಮಾನ ಬಂತು. ಹೋದ ವರ್ಷ ಬಂದಾಗ ಅದೃಷ್ಟ ಅಂದವರು ಈಗ ಫೋನ್ ಮಾಡಿ "ನೀವು ಏನು ಮಾಡಿಸ್ತೀರಿ ಸರ್" ಅಂತ ಕೇಳುತ್ತಿದ್ದಾರೆ. ಒಬ್ಬೊಬ್ಬರಿಗೆ ಹೇಳುವ ಬದಲು ಇಲ್ಲೇ ಬರೆಯುತ್ತೇನೆ.

ನಮ್ಮದು ದಕ್ಷಿಣ ಕನ್ನಡದ ಒಳಗಿನ ಒಂದು ಸಣ್ಣ ಕ್ಯಾಥೊಲಿಕ್ ಕ್ರೈಸ್ತ ಕಾಲೇಜು. ಐನೂರು ಚಿಲ್ಲರೆ ಮಕ್ಕಳು ಇರಬಹುದು. ನಾಟಕಕ್ಕೆ ಬೇರೆ ವಿಭಾಗ ಇಲ್ಲ, ಹಾಲ್ ಅಂದರೆ ಮದುವೆ ಹಾಲ್ ಥರದ್ದು, ಮಾತಾಡಿದರೆ ಮೂರು ಸಲ ತಿರುಗಿ ಕೇಳುತ್ತದೆ. ನಾನು ಕನ್ನಡ ಪಾಠ ಮಾಡುವವನು. ಹೆಗ್ಗೋಡಿನ ರಂಗಶಾಲೆ ನೀನಾಸಮ್‌ನಲ್ಲಿ ಒಂದು ವರ್ಷ ಕಲಿತು, ಸ್ವಲ್ಪ ಕಾಲ ಊರೂರು ಸುತ್ತಿ, ಹೊಟ್ಟೆಪಾಡಿಗೆ ಎಂ.ಎ. ಮಾಡಿ ಇಲ್ಲಿಗೆ ಬಂದವನು. ಸಂಜೆ ಹೊತ್ತು ತಾಳಮದ್ದಳೆಯಲ್ಲಿ, ಅಂದರೆ ಕೂತಲ್ಲೇ ಆಡುವ ಯಕ್ಷಗಾನದಲ್ಲಿ, ಅರ್ಥ ಹೇಳುವ (ಪದ್ಯಕ್ಕೆ ಮಾತು ಕಟ್ಟುವ) ಚಟ ಇದೆ. ಆ ಚಟವೇ ಕೊನೆಗೆ ಕೆಲಸಕ್ಕೆ ಬಂತು.

ಮೊದಲ ನಾಲ್ಕೈದು ವರ್ಷ ನಾನೂ ಎಲ್ಲರ ಹಾಗೆ ಅಚ್ಚಾದ ನಾಟಕ ಹಂಚಿ ಬಾಯಿಪಾಠ ಮಾಡಿಸಿದೆ. ಪ್ರತಿ ವರ್ಷ ಅದೇ ಕಥೆ. ನಮ್ಮ ಕಡೆ ಮಕ್ಕಳಿಗೆ ಕನ್ನಡ ಚೆನ್ನಾಗಿಯೇ ಬರುತ್ತದೆ, ಆದರೆ ಅದು ಶಾಲೆಯಲ್ಲಿ ಕಲಿತ ಕನ್ನಡ. ಮನೆಯಲ್ಲಿ ತುಳು, ಕೊಂಕಣಿ, ಬ್ಯಾರಿ, ಗಡಿಯ ಕಡೆಯವರಾದರೆ ಮಲಯಾಳ. ಅಪ್ಪನ ಮೇಲೆ ಸಿಟ್ಟು ಬಂದಾಗ ಯಾರೂ ಕನ್ನಡದಲ್ಲಿ ಬೈದವರಲ್ಲ. ಹಾಗಾಗಿ ಸ್ಟೇಜ್ ಮೇಲೆ ಸಿಟ್ಟಿನ ಮಾತು ಭಾಷಣ ಸ್ಪರ್ಧೆಯ ಥರ ಕೇಳುತ್ತಿತ್ತು. ಒಬ್ಬ ತೀರ್ಪುಗಾರರು "ಉಚ್ಚಾರಣೆ ಬಹಳ ಶುದ್ಧವಾಗಿದೆ" ಅಂತ ಹೊಗಳಿ ಸಮಾಧಾನಕರ ಬಹುಮಾನ ಕೊಟ್ಟರು. ನಾಟಕದವನಿಗೆ ಇದಕ್ಕಿಂತ ದೊಡ್ಡ ಅವಮಾನ ಬೇಕಾ?

ತಾಳಮದ್ದಳೆಯಲ್ಲಿ ನೋಡಿ, ಪದ್ಯ ಮಾತ್ರ ಗಟ್ಟಿ, ಮಾತು ಆ ಹೊತ್ತಿಗೆ ಹುಟ್ಟಿದ್ದು. ವೇಷ ಇಲ್ಲ, ಕುಣಿತ ಇಲ್ಲ, ಕೂತಲ್ಲೇ ಜಗಳ. ಅದನ್ನೇ ಮಕ್ಕಳಿಗೆ ಯಾಕೆ ಮಾಡಿಸಬಾರದು ಅನ್ನಿಸಿತು. ಕಥೆ ಮಾತ್ರ ಕೊಡುವುದು, ಮಾತು ಅವರದ್ದು, ಅದೂ ಮನೆಮಾತಿನಲ್ಲಿ. ಕನ್ನಡ ಆಮೇಲೆ.

ಕಥೆಗೆ ದೂರ ಹೋಗಲಿಲ್ಲ. ಬೈಬಲಿನಲ್ಲಿ ಲೂಕನ ಸುವಾರ್ತೆಯ 15ನೇ ಅಧ್ಯಾಯದ ದುಂದುಗಾರ ಮಗನ ಸಾಮತಿ, ಅಂದರೆ ಯೇಸು ಹೇಳಿದ ದೃಷ್ಟಾಂತ ಕಥೆ. ಕಿರಿಯ ಮಗ ತನ್ನ ಪಾಲು ತೆಗೆದುಕೊಂಡು ಹೋಗಿ ಎಲ್ಲ ಕಳೆದು ಬರಿಗೈಯಲ್ಲಿ ಮನೆಗೆ ಬರುತ್ತಾನೆ, ಅಪ್ಪ ಖುಷಿಯಿಂದ ಔತಣ ಮಾಡಿಸುತ್ತಾನೆ. ಕ್ರೈಸ್ತ ಮಕ್ಕಳಿಗೆ ಪೂಜೆಯಲ್ಲಿ ಕೇಳಿ ಕೇಳಿ ಬೋರಾಗಿತ್ತು, ಉಳಿದವರಿಗೆ ಹೊಸದು. ಎಲ್ಲರೂ ಕಿರಿಯವನ ಪಾತ್ರಕ್ಕೆ ಮುಗಿಬಿದ್ದರು. ದುಂದು, ಹಂದಿ ಮೇಯಿಸುವುದು, ಅಪ್ಪನ ಮುಂದೆ ತಪ್ಪೊಪ್ಪಿಕೊಳ್ಳುವುದು ಎಲ್ಲ ಇದೆಯಲ್ಲ. ನನ್ನ ಕಣ್ಣಿದ್ದದ್ದು ಹಿರಿಯವನ ಮೇಲೆ. ಹೊಲದಿಂದ ಬರುತ್ತಾನೆ, ಮನೆಯಲ್ಲಿ ಹಾಡು ಕುಣಿತ ಕೇಳುತ್ತದೆ, ತಮ್ಮನಿಗೋಸ್ಕರ ಕೊಬ್ಬಿದ ಕರು ಕಡಿದಿದ್ದಾರೆ ಅಂತ ಗೊತ್ತಾಗುತ್ತದೆ, ಒಳಗೆ ಬರುವುದಿಲ್ಲ ಅಂತ ಹೊರಗೇ ನಿಲ್ಲುತ್ತಾನೆ. ಅಪ್ಪ ಹೊರಗೆ ಬಂದು ಬೇಡಿಕೊಳ್ಳುತ್ತಾನೆ. ಅವನು ಒಳಗೆ ಹೋದನಾ ಇಲ್ಲವಾ ಅಂತ ಸುವಾರ್ತೆ ಹೇಳುವುದೇ ಇಲ್ಲ. ಅರ್ಧ ಗಂಟೆಯ ಏಕಾಂಕಕ್ಕೆ ಇದಕ್ಕಿಂತ ಒಳ್ಳೆ ಜಾಗ ಸಿಗಲ್ಲ.

ಮೊದಲೆರಡು ವಾರ ಸ್ಕ್ರಿಪ್ಟ್ ಇಲ್ಲ. ಇಬ್ಬರು ನೆಲದ ಮೇಲೆ ಎದುರುಬದುರು ಕೂರುವುದು, ಒಬ್ಬ ಅಪ್ಪ, ಒಬ್ಬ ದೊಡ್ಡ ಮಗ. "ಯಾನ್ ಉಲಯಿ ಬರ್ಪುಜಿ" (ನಾನು ಒಳಗೆ ಬರುವುದಿಲ್ಲ) ಅಂತ ಮಗ ಶುರು ಮಾಡಿದರೆ ಆಯಿತು, ಮುಂದಿನದ್ದು ತಾನಾಗಿ ಬರುತ್ತದೆ. ಅಡಿಕೆ ಲೆಕ್ಕ, ಬೈಕ್ ಕೊಡಿಸದ್ದು, ಗಲ್ಫಿಗೆ ಹೋದ ತಮ್ಮನಿಗೆ ಮಾತ್ರ ಮರ್ಯಾದೆ, ಎಲ್ಲ ಹೊರಬಿತ್ತು. ಮೊಬೈಲಿನಲ್ಲಿ ರೆಕಾರ್ಡ್ ಮಾಡಿಕೊಂಡು, ಮಾತಾಡಿದವನ ಹತ್ತಿರವೇ ಕನ್ನಡದಲ್ಲಿ ಬರೆಸಿದೆ. ನಾನು ಬರೆಯಲಿಲ್ಲ. ಮೇಷ್ಟ್ರು ಬರೆದರೆ ಮತ್ತೆ ಪಠ್ಯಪುಸ್ತಕವೇ ಆಗುತ್ತದೆ. ಗಂಟೆಗಟ್ಟಲೆ ರೆಕಾರ್ಡಿಂಗ್‌ನಲ್ಲಿ ಯಾವ ಮಾತು ಇಟ್ಟುಕೊಳ್ಳಬೇಕು ಅಂತ ಆರಿಸುವುದಕ್ಕೆ ನನ್ನದೊಂದು ಆಟ ಇದೆ. ಅದನ್ನು ಹೇಳಲ್ಲ. ಮುಂದಿನ ವರ್ಷ ನೀವೇ ಎದುರಿಗೆ ಬರುವವರು.

ಸುಲಭವಾಗಿ ಆಯಿತು ಅಂದುಕೊಳ್ಳಬೇಡಿ. ಮೊದಲ ಸಲ ತುಳುವನ್ನೇ ಸ್ಟೇಜಿಗೂ ಹತ್ತಿಸಿ ನೋಡಿದೆವು, ಅಪ್ಪ ತುಳುವಿನಲ್ಲಿ, ಮಗ ಕೊಂಕಣಿಯಲ್ಲಿ. ಕಾಲೇಜ್ ಡೇಯಲ್ಲಿ ಅಪ್ಪ ಬಾಯಿ ತೆರೆದ ತಕ್ಷಣ ಹಾಲ್ ಪೂರ್ತಿ ನಗು. ತುಳು ನಾಟಕ ಅಂದರೆ ಕಾಮಿಡಿ ಅಂತ ಜನರ ಕಿವಿಗೆ ಅಭ್ಯಾಸ ಆಗಿದೆ, ಅಳುವ ಅಪ್ಪನಿಗೂ ಸೀಟಿ ಹೊಡೆದರು. ಮುಂದಿನ ಸಲ ಕನ್ನಡಕ್ಕೆ ತಂದೆವು, ಆಗ ಮಾತು ಉದ್ದ ಆಯಿತು. ತುಳುವಿನಲ್ಲಿ ಮೂರು ಮಾತಲ್ಲಿ ಮುಗಿದದ್ದು ಕನ್ನಡದಲ್ಲಿ ಒಂದು ಪ್ಯಾರಾ. ಮೂವತ್ತು ನಿಮಿಷದ ನಾಟಕ ನಲವತ್ತು ದಾಟಿ ಸ್ಪರ್ಧೆಯಲ್ಲಿ ಅಂಕ ಕಟ್ ಆಯಿತು. ಆಮೇಲೆ ಒಂದು ನಿಯಮ ಮಾಡಿದೆ: ಮನೆಮಾತಿನಲ್ಲಿ ಆಡುವಾಗ ಬಂದ ನಡಿಗೆ, ತಿರುಗುವುದು, ಕೈ ಎತ್ತುವುದು ಯಾವುದೂ ಬದಲಾಗಬಾರದು. ಆ ಒಂದು ಉಸಿರಲ್ಲಿ, ಆ ಎರಡು ಹೆಜ್ಜೆಯಲ್ಲಿ ಹಿಡಿಸುವಷ್ಟೇ ಕನ್ನಡ. ಹಿಡಿಸದಿದ್ದರೆ ಮಾತು ಹೊರಗೆ. ಇದಾದ ಮೇಲೆ ನಾಟಕ ತನ್ನ ಕಾಲ ಮೇಲೆ ನಿಂತಿತು.

ನಮ್ಮ ಸ್ಟಾಫ್ ರೂಮಿನ ಹಿರಿಯರೊಬ್ಬರು "ಕನ್ನಡ ನಾಟಕಕ್ಕೆ ತುಳುವಿನಲ್ಲಿ ರಿಹರ್ಸಲ್ಲಾ, ಇದ್ದ ಕನ್ನಡವೂ ಹೋಗುತ್ತೆ ಮಾರಾಯ್ರೆ" ಅಂತ ಎಲ್ಲರೆದುರೇ ಹೇಳಿದ್ದರು. ಪ್ರಿನ್ಸಿಪಾಲ್ ಫಾದರ್‌ಗೆ ಬೇರೆಯದೇ ಚಿಂತೆ, ಸುವಾರ್ತೆಯ ಮಾತನ್ನು ಹುಡುಗರು ಬಾಯಿಗೆ ಬಂದ ಹಾಗೆ ಆಡಿದರೆ ಮನೆಯವರು ಏನಂದಾರು ಅಂತ. ನಾನು ಸ್ವಿಟ್ಜರ್ಲೆಂಡಿನ ಪಾದ್ರಿಗಳ ಸಂಸ್ಥೆ ಬಾಸೆಲ್ ಮಿಶನ್‌ನವರ ಉದಾಹರಣೆ ಕೊಟ್ಟೆ. 1834ರಲ್ಲಿ ಮಂಗಳೂರಿಗೆ ಬಂದವರು 1840ರ ದಶಕದಲ್ಲೇ ಬೈಬಲಿನ ಹೊಸ ಒಡಂಬಡಿಕೆಯನ್ನು ತುಳುವಿಗೆ ತಂದು ಕನ್ನಡ ಲಿಪಿಯಲ್ಲಿ ಅಚ್ಚು ಹಾಕಿದ್ದರಲ್ಲ ಫಾದರ್, ಅಂದೆ. "ಅವರು ಪ್ರೊಟೆಸ್ಟೆಂಟರು ಮಾಸ್ಟ್ರೇ" ಅಂತ ನಕ್ಕು ಒಪ್ಪಿಗೆ ಕೊಟ್ಟರು. ಒಂದೇ ಷರತ್ತು, ತಪಸ್ಸುಕಾಲದಲ್ಲಿ (ಈಸ್ಟರಿಗೆ ಮುಂಚಿನ ಉಪವಾಸದ ದಿನಗಳಲ್ಲಿ) ಪ್ರದರ್ಶನ ಬೇಡ.

ಈಗ ದುಡ್ಡಿನ ವಿಷಯ. ಕಾಲೇಜು ಕೊಡುವುದು ವರ್ಷಕ್ಕೆ ಎಂಟೋ ಹತ್ತೋ ಸಾವಿರ. ಒಂದು ದಿನದ ಲೈಟ್ ಬಾಡಿಗೆಗೇ ಆರೇಳು ಸಾವಿರ ಹೋಗುತ್ತಿತ್ತು, ರಿಹರ್ಸಲ್‌ಗೆ ಲೈಟೇ ಇಲ್ಲ. ಹಾಗಾಗಿ 50 ವ್ಯಾಟಿನ ಎಲ್‌ಇಡಿ ಫ್ಲಡ್‌ಲೈಟ್ ಆರು ತಂದೆ, ಒಂದಕ್ಕೆ ಏಳೆಂಟು ನೂರು ಬಿದ್ದಿರಬೇಕು. ಬೆಳಕು ಹರಡದ ಹಾಗೆ ಎಣ್ಣೆ ಡಬ್ಬದ ತಗಡು ಕತ್ತರಿಸಿ ಲೈಟಿಗೆ ಬಾಗಿಲಿನ ಥರದ ಮರೆ ಮಾಡಿದೆವು. ಮೊದಲು ಹಳೆ ಹ್ಯಾಲೊಜನ್‌ಗೆ ಅಂಗಡಿಯ ಬಣ್ಣದ ಜಿಲೆಟಿನ್ ಪೇಪರ್ ಕಟ್ಟಿದ್ದೆ, ಅರ್ಧ ಗಂಟೆಯಲ್ಲಿ ಸುಟ್ಟು ವಾಸನೆ. ಎಲ್‌ಇಡಿಗೆ ಅದೇ ಪೇಪರ್ ಏನೂ ಆಗಲಿಲ್ಲ. ಫ್ಯಾನಿನ ರೆಗ್ಯುಲೇಟರ್ ಹಾಕಿ ಬೆಳಕು ಇಳಿಸಲು ಹೋದೆ, ಮಿಣಮಿಣ ಅಂತ ಕಣ್ಣು ಹೊಡೆಯಿತು, ಎರಡು ಲೈಟ್ ಹೋದವು. ಈಗ ಡಿಮ್ಮರ್ ಇಲ್ಲದೆಯೇ ಬೆಳಕು ನಿಧಾನ ಇಳಿಸುತ್ತೇವೆ. ಹೇಗೆ ಅಂತ ನಮ್ಮ ನಾಟಕ ನೋಡಲು ಬಂದವರಿಗೆ ಹಿಂದೆ ಕರೆದುಕೊಂಡು ಹೋಗಿ ತೋರಿಸುತ್ತೇನೆ, ಇಲ್ಲಿ ಬೇಡ.

ಸೆಟ್ ಅಂದರೆ ಒಂದು ದಾರಂದ, ಬಾಗಿಲಿನ ಚೌಕಟ್ಟು. ಹಳೆ ಮನೆ ಕೆಡವಿದ ಕಡೆ ಸಾವಿರದ ಚಿಲ್ಲರೆಗೆ ಸಿಕ್ಕಿತು, ಹಲಸಿನ ಮರದ್ದು, ನಾಲ್ಕು ಜನ ಬೇಕು ಎತ್ತಲು. ಬಸ್ಸಿನ ಟಾಪಿಗೆ ಹಾಕಲು ಕಂಡಕ್ಟರ್ ಬಿಡಲಿಲ್ಲ, ಟೆಂಪೊ ಮಾಡಿ ದಾರಂದಕ್ಕಿಂತ ಜಾಸ್ತಿ ಬಾಡಿಗೆ ಕೊಟ್ಟೆವು. ಪ್ಲೈವುಡ್ಡಿನದ್ದು ಮಾಡಿಸಿ ಎಂದರು ಎಲ್ಲರೂ. ಮಾಡಿಸಿಯೂ ನೋಡಿದೆ. ಹುಡುಗ ಒರಗಿದ ಕೂಡಲೇ ಅದು ಅಲುಗುತ್ತದೆ, ಅವನ ಸಿಟ್ಟೂ ಅಲುಗುತ್ತದೆ. ಮರದ್ದೇ ಬೇಕು. ವೇಷ ಮಕ್ಕಳ ಮನೆಯ ಲುಂಗಿ, ಬೈರಾಸು (ಟವೆಲ್). ಎಲ್ಲಕ್ಕಿಂತ ಹೆಚ್ಚು ಖರ್ಚು ಚಾ ಮತ್ತು ಬನ್ಸಿನದ್ದು, ಅದನ್ನು ಯಾವ ಬಜೆಟಿನಲ್ಲಿ ತೋರಿಸಬೇಕೋ ಇವತ್ತಿಗೂ ಗೊತ್ತಾಗಿಲ್ಲ.

ಮಧ್ಯೆ ಒಂದು ಸಲ ಅಪ್ಪನ ಮಾತಿಗೆ ಮದ್ದಳೆ ಹಾಕಿಸಿದೆ, ಗುರುತಿನ ಮದ್ದಳೆಗಾರರು ಬಿಟ್ಟಿ ಬಂದರು. ಚೆನ್ನಾಗಿತ್ತು, ಆದರೆ ಹುಡುಗರು ಮಾತು ಬಿಟ್ಟು ತಾಳ ಎಣಿಸತೊಡಗಿದರು. ಈಗ ಮದ್ದಳೆ ಕಿರಿಯವನ ದುಂದಿನ ಭಾಗಕ್ಕೆ ಮಾತ್ರ. ಬ್ಯಾರಿ ಮಾತಾಡುವ ಹುಡುಗಿಯೊಬ್ಬಳಿಗೆ ಅಪ್ಪನ ಬದಲು ಅಮ್ಮನ ಪಾತ್ರ ಕೊಟ್ಟು ನೋಡಿದ್ದೂ ಇದೆ. ಸುವಾರ್ತೆಯಲ್ಲಿ ಅಮ್ಮನೇ ಇಲ್ಲ. ಅವಳು ದಾರಂದದ ಒಳಗೆ ನಿಂತು ಒಂದೇ ಒಂದು ಮಾತಾಡಿದಳು, "ಅನ್ನ ಆರ್ತಾ ಇದೆ" ಅಂತ. ತೀರ್ಪುಗಾರರು ಬರೆಯುವುದು ನಿಲ್ಲಿಸಿದ್ದನ್ನು ನಾನೇ ನೋಡಿದೆ.

ಮಾಡುವವರಿದ್ದರೆ ಸೆಮಿಸ್ಟರ್ ಶುರುವಾದ ವಾರವೇ ಹಿಡಿಯಿರಿ, ಇಂಟರ್ನಲ್ಸ್ ಬಂದರೆ ಮಕ್ಕಳು ಸಿಗಲ್ಲ. ಉಳಿದ ನಾಲ್ಕು ಲೈಟ್ ಮತ್ತು ದಾರಂದ ಕೇಳಿದವರಿಗೆ ಕೊಡುತ್ತೇನೆ, ಬಾಡಿಗೆ ಬೇಡ. ಟೆಂಪೊ ಖರ್ಚು ಮಾತ್ರ ನಿಮ್ಮದು.