ಕೋಡ್ ಕೈಕೊಟ್ಟಾಗ ಲೈವ್ ಚಾಟ್‌ನಲ್ಲಿ ಕೇಳುವುದು ಹೀಗೆ

ಹಾಸನದ ನಮ್ಮ ಮನೆಗೆ ಭಾನುವಾರ ನಾಲ್ಕೈದು ಇಂಜಿನಿಯರಿಂಗ್ ಹುಡುಗರು ಪೈಥಾನ್ ಎಂಬ ಪ್ರೋಗ್ರಾಮಿಂಗ್ ಭಾಷೆ ಕಲಿಯಲು ಬರುತ್ತಾರೆ. ಎಲ್ಲಾದರೂ ಸಿಕ್ಕಿಕೊಂಡರೆ ಲೈವ್ ಚಾಟ್‌ನಲ್ಲಿ ಕೇಳಿ ಎಂದು ಹೇಳಿ ಕಳಿಸುತ್ತೇನೆ. ಮುಂದಿನ ವಾರ ಬಂದು "ಅಲ್ಲಿ ಯಾರೂ ಉತ್ತರ ಕೊಡಲ್ಲ ಅಣ್ಣ" ಎನ್ನುತ್ತಾರೆ. ಏನು ಕೇಳಿದ್ರಿ ಅಂತ ತೆಗೆದು ನೋಡಿದರೆ, "ಹಲೋ ಸರ್, ಪೈಥಾನ್ ಗೊತ್ತಿರೋರು ಯಾರಾದ್ರೂ ಇದ್ದೀರಾ?" ಅಷ್ಟೇ. ಎರಡು ನಿಮಿಷ ಕಾದು ಎದ್ದು ಹೋಗಿರುತ್ತಾರೆ. ತಪ್ಪು ಚಾಟ್‌ನದ್ದಲ್ಲ, ಕೇಳಿದ ರೀತಿಯದ್ದು.

ಮೊದಲು ಜಾಗ ಹುಡುಕಿ. ನನ್ನ ಆಯ್ಕೆ ಐಆರ್‌ಸಿ (ಇಂಟರ್ನೆಟ್ ರಿಲೇ ಚಾಟ್). 1988ರಲ್ಲಿ ಫಿನ್‌ಲೆಂಡಿನ ಔಲು ವಿಶ್ವವಿದ್ಯಾಲಯದಲ್ಲಿ ಯಾರ್ಕ್ಕೊ ಓಯಿಕರಿನೆನ್ ಶುರು ಮಾಡಿದ್ದು, ಇಂದಿಗೂ ನಡೆಯುತ್ತಿದೆ. ಬರೀ ಅಕ್ಷರ ಓಡಾಡುವುದರಿಂದ ಮೂಡಿಗೆರೆ ಕಡೆಯ ತೋಟದ ಮನೆಯಲ್ಲಿ ಸಿಗ್ನಲ್ ಒಂದೇ ಗೆರೆ ಇದ್ದರೂ ನಡೆಯುತ್ತದೆ. 2021ರಲ್ಲಿ ಶುರುವಾದ ಲಿಬೆರಾ ಚಾಟ್ ಎಂಬ ನೆಟ್‌ವರ್ಕ್‌ಗೆ ಬ್ರೌಸರ್‌ನಿಂದಲೇ ಹೋಗಬಹುದು. ಒಂದು ಹೆಸರು ನೋಂದಾಯಿಸಿಕೊಂಡು ನಿಮ್ಮ ಪ್ರೋಗ್ರಾಮಿಂಗ್ ಭಾಷೆಯ ಚಾನೆಲ್ (ಒಂದೇ ವಿಷಯದವರು ಸೇರುವ ಚಾಟ್ ಕೋಣೆ) ಸೇರಿ. ಒಂದು ತೊಂದರೆ ಇದೆ. ಲೈನ್ ಕಡಿದು ಹೋದರೆ ಆ ಹೊತ್ತಿನಲ್ಲಿ ಬಂದ ಉತ್ತರ ನಿಮಗೆ ಸಿಗುವುದಿಲ್ಲ. ಮಳೆಗಾಲದಲ್ಲಿ ಕರೆಂಟ್ ಹೋಗಿ ಬಂದು ಮಾಡುವ ಸಕಲೇಶಪುರದ ಕಡೆಯವರಿಗೆ ಮ್ಯಾಟ್ರಿಕ್ಸ್ ಅಥವಾ ಡಿಸ್ಕಾರ್ಡ್ ಎಂಬ ಬೇರೆ ಚಾಟ್‌ಗಳು ವಾಸಿ, ಅವು ಹಳೇ ಮಾತನ್ನು ಉಳಿಸಿ ಇಡುತ್ತವೆ.

ಹೊತ್ತು ನೋಡಿ ಹೋಗಿ. ನಮ್ಮ ಬೆಳಗ್ಗೆ ಎಂಟಕ್ಕೆ ಯುರೋಪಿನವರು ಮಲಗಿರುತ್ತಾರೆ. ಸಂಜೆ ಏಳೂವರೆ ಒಳ್ಳೆಯದು. ಅಲ್ಲಿನ ಬೇಸಿಗೆ ಲೆಕ್ಕದಲ್ಲಿ ಆಗ ಜರ್ಮನಿಯಲ್ಲಿ ಸಂಜೆ 4, ನ್ಯೂಯಾರ್ಕ್‌ನಲ್ಲಿ ಬೆಳಗ್ಗೆ 10.

ಈಗ ಎಲ್ಲರೂ ಎಡವುವ ಜಾಗ. ಪ್ರಶ್ನೆ ಕಳಿಸುವ ಮುಂಚೆ ಕೋಡನ್ನು ಸಣ್ಣದು ಮಾಡಬೇಕು. ಒಬ್ಬ ಹುಡುಗ ಮನೆಯ ಕಾಫಿ ಲೆಕ್ಕಕ್ಕೆ ಪ್ರೋಗ್ರಾಂ ಬರೆದಿದ್ದ. ಮೂಟೆಗೆ 50 ಕೆಜಿ, ಎಷ್ಟು ಮೂಟೆ ಅಂತ ಟೈಪ್ ಮಾಡಿದರೆ ಒಟ್ಟು ತೂಕ ಬರಬೇಕು. 3 ಕೊಟ್ಟರೆ 150 ಬರಲಿಲ್ಲ, 3 ಎಂಬ ಅಂಕಿಯೇ 50 ಸಲ ಸಾಲಾಗಿ ಬಂತು. ಅವನು 400 ಸಾಲಿನ ಇಡೀ ಫೈಲನ್ನೇ ಚಾಟ್‌ಗೆ ಸುರಿದ, ಯಾರೂ ಓದಲಿಲ್ಲ. ನನ್ನ ಮುಂದೆ ಕೂರಿಸಿಕೊಂಡು ಫೈಲಿನ ಕಾಪಿ ಮಾಡಿಸಿದೆ (ಮೂಲ ಫೈಲ್ ಮುಟ್ಟಬೇಡಿ). ಅರ್ಧ ಕೋಡ್ ಅಳಿಸು, ಓಡಿಸು. ತಪ್ಪು ಇನ್ನೂ ಬರುತ್ತಿದೆಯಾ? ಹಾಗಾದರೆ ಅಳಿಸಿದ್ದು ಬೇಕಿರಲಿಲ್ಲ, ಇನ್ನೂ ಅರ್ಧ ಅಳಿಸು. ತಪ್ಪು ಮಾಯವಾಯಿತಾ? ಅಳಿಸಿದ ಭಾಗದಲ್ಲೇ ಇದೆ, ಅದನ್ನು ವಾಪಸ್ ತಂದು ಬೇರೆ ಕಡೆ ಕತ್ತರಿಸು. ಎಕ್ಸೆಲ್ ಫೈಲಿನಿಂದ ಓದುವುದು, ಬಣ್ಣ ಬಣ್ಣದ ಬಟನ್, ಎಲ್ಲ ಹೋಗಿ ಕೊನೆಗೆ ಮೂರೇ ಸಾಲು ಉಳಿಯಿತು: ಮೂಟೆ ಎಷ್ಟು ಅಂತ ಕೇಳುವುದು, 50ರಿಂದ ಗುಣಿಸುವುದು, ಪ್ರಿಂಟ್ ಮಾಡುವುದು. ಇದಕ್ಕೆ ಅರ್ಧ ಗಂಟೆ ಹಿಡಿಯಿತು. ಹಿಡಿಯಲಿ. ಎಷ್ಟೋ ಸಲ ಹೀಗೆ ಕತ್ತರಿಸುವಾಗಲೇ ತಪ್ಪು ಕಣ್ಣಿಗೆ ಬೀಳುತ್ತದೆ, ಕೇಳುವ ಕೆಲಸವೇ ಇರುವುದಿಲ್ಲ.

ಆ ಮೂರು ಸಾಲನ್ನು ಪೇಸ್ಟ್‌ಬಿನ್ ತರಹದ, ಕೋಡ್ ಅಂಟಿಸಿ ಹಂಚಿಕೊಳ್ಳುವ ಪುಟದಲ್ಲಿ ಹಾಕಿ ಲಿಂಕ್ ಕೊಡಿ. ಮಾನಿಟರ್‌ನ ಫೋಟೊ ತೆಗೆದು ಕಳಿಸಬೇಡಿ, ಫೋಟೊವನ್ನು ಯಾರೂ ಓಡಿಸಿ ನೋಡಲಾರರು. ಫೋನಿನ ಕೆಲವು ಮೆಸೇಜ್ ಆ್ಯಪ್‌ಗಳಲ್ಲಿ ಹಾಯಿಸಿ ತಂದ ಕೋಡ್ ಇನ್ನೂ ಕೆಟ್ಟದ್ದು, ನಕ್ಷತ್ರ ಚಿಹ್ನೆ, ಅಡಿಗೆರೆ ಎಲ್ಲ ನುಂಗಿ ಅಕ್ಷರ ದಪ್ಪ ಮಾಡಿ, ಓರೆ ಮಾಡಿ ಇಡುತ್ತವೆ. ಪಾಸ್‌ವರ್ಡ್, ಎಪಿಐ ಕೀ (ಬೇರೆ ಸೇವೆ ಬಳಸಲು ಪ್ರೋಗ್ರಾಂ ಕೊಡುವ ಗುಟ್ಟಿನ ಸಂಕೇತ) ಅಳಿಸಿದ್ದೀರಾ ನೋಡಿ. ಒಮ್ಮೆ ಹೋಯಿತು ಅಂದರೆ ಮೆಸೇಜ್ ಡಿಲೀಟ್ ಮಾಡಿ ಸುಮ್ನೆ ಕೂರಬೇಡಿ, ಕೀಯನ್ನೇ ಬದಲಿಸಿ.

ಪ್ರಶ್ನೆಯಲ್ಲಿ ಮೂರು ವಿಷಯ ಇರಲಿ. ಏನು ಮಾಡಿದೆ, ಏನು ಬರಬೇಕಿತ್ತು, ಏನು ಬಂತು. "3 ಕೊಟ್ಟೆ, 150 ಬರಬೇಕಿತ್ತು, 3 ಐವತ್ತು ಸಲ ಬಂತು, ಕೋಡ್ ಇಲ್ಲಿದೆ, ಪೈಥಾನ್ ಆವೃತ್ತಿ ಇಂಥದ್ದು." ಎರರ್ ಮೆಸೇಜ್ ಇದ್ದರೆ ಪೂರ್ತಿ ಹಾಕಿ, ನಿಮ್ಮ ಮಾತಿನಲ್ಲಿ ಹೇಳಬೇಡಿ. ಇಂಗ್ಲಿಷ್‌ನಲ್ಲೇ ಬರೆಯಬೇಕಾಗುತ್ತದೆ, ಆದರೆ ವ್ಯಾಕರಣಕ್ಕೆ ಹೆದರಬೇಡಿ, ಮೊದಲು ಕನ್ನಡದಲ್ಲಿ ಬರೆದುಕೊಂಡು ಆಮೇಲೆ ತಿರುಗಿಸಿ. ಗೆಳೆಯರದೇ ಕನ್ನಡ ಚಾನೆಲ್ ಮಾಡಿಕೊಂಡರೆ ಒಂದು ನೆನಪಿರಲಿ. ಐಆರ್‌ಸಿಯ ಮೂಲ ನಿಯಮದಲ್ಲಿ ಒಂದು ಸಾಲಿಗೆ 512 ಬೈಟ್ ಮಾತ್ರ, ನಮ್ಮ "ಕ್ಷ" ಒಂದಕ್ಕೇ 9 ಬೈಟ್ ಬೇಕು. ಹಾಗಾಗಿ ಚಿಕ್ಕ ಚಿಕ್ಕ ಸಾಲು ಬರೆಯಿರಿ.

ಕೇಳಿದ ಮೇಲೆ ಅಲ್ಲೇ ಇರಿ. ಅರ್ಧ ಗಂಟೆಯಾದರೂ ಇರಬೇಕು. ಇದು ಅಂಗಡಿಯಲ್ಲ, ತಮ್ಮ ಕೆಲಸದ ನಡುವೆ ಬಿಡುವು ಮಾಡಿಕೊಂಡು ಉತ್ತರಿಸುವ ಜನ ಅಲ್ವಾ. ಅವರು "ಇದನ್ನು ಯಾಕೆ ಮಾಡ್ತಿದ್ದೀರಿ?" ಎಂದು ತಿರುಗಿ ಕೇಳಿದರೆ ಬೇಸರ ಮಾಡಿಕೊಳ್ಳಬೇಡಿ. ದಾರಿಯೇ ತಪ್ಪಿರಬಹುದು ಎಂಬ ಅನುಮಾನ ಅವರದು. ಎಐ ಬರೆದ ಕೋಡ್ ಆಗಿದ್ದರೆ ಮೊದಲೇ ಹೇಳಿ. ಯಾರಾದರೂ ಟರ್ಮಿನಲ್‌ನಲ್ಲಿ (ಕಮಾಂಡ್ ಟೈಪ್ ಮಾಡುವ ಕಿಟಕಿ) ಓಡಿಸಲು ಕಮಾಂಡ್ ಕೊಟ್ಟರೆ ಅದು ಏನು ಮಾಡುತ್ತದೆ ಎಂದು ತಿಳಿಯದೆ ಒತ್ತಬೇಡಿ, ಫೈಲುಗಳನ್ನೆಲ್ಲ ಅಳಿಸುವ ಕಮಾಂಡ್ ಇರುತ್ತವೆ.

ಆ ಹುಡುಗ ಮೂರು ಸಾಲು ಹಾಕಿ ಮತ್ತೆ ಕೇಳಿದ, ಕೆಲವೇ ನಿಮಿಷಕ್ಕೆ ಉತ್ತರ ಬಂತು. ಪೈಥಾನ್‌ನಲ್ಲಿ ಕೀಬೋರ್ಡಿನಿಂದ ಬಂದದ್ದೆಲ್ಲ ಅಕ್ಷರದ ಸಾಲು, ಸಂಖ್ಯೆಯಲ್ಲ. ಅಕ್ಷರದ ಸಾಲನ್ನು 50ರಿಂದ ಗುಣಿಸಿದರೆ ಅದು 50 ಸಲ ಮರುಕಳಿಸುತ್ತದೆ. ಮೊದಲು ಇಂಟ್ (int) ಎಂಬ ಪೈಥಾನ್ ಆದೇಶ ಹಾಕಿ ಸಂಖ್ಯೆ ಮಾಡಿಕೊಳ್ಳಬೇಕು. ಅವನು ಖುಷಿಯಲ್ಲಿ ಲ್ಯಾಪ್‌ಟಾಪ್ ಮುಚ್ಚಲು ಹೋದ, ನಾನು ಬಿಡಲಿಲ್ಲ. "ಇಂಟ್ ಹಾಕಿದೆ, 150 ಬಂತು, ಥ್ಯಾಂಕ್ಸ್" ಎಂದು ಅದೇ ಚಾನೆಲ್‌ನಲ್ಲಿ ಬರೆಸಿದ ಮೇಲೆಯೇ ಏಳಲು ಬಿಟ್ಟೆ.